ನೆರವಿಗೆ ಹೋದವರ ಮನಸ್ಸಿನ ಭಾರ ಯಾರ ಹೊಣೆ?

ತುಂಗಭದ್ರೆ ಉಕ್ಕಿದರೆ ಹರಿಹರದ ಗಂಗಾನಗರಕ್ಕೆ ನೀರು ನುಗ್ಗುತ್ತದೆ, ಕಾಳಜಿ ಕೇಂದ್ರ ಶುರುವಾಗುತ್ತದೆ. ಚಿತ್ರದುರ್ಗದ ಹೆದ್ದಾರಿಯಲ್ಲಿ ಅಪಘಾತವಾದರೆ 108 ಓಡಿ ಬರುತ್ತದೆ. ಎಷ್ಟು ಜನಕ್ಕೆ ಊಟ ಹಾಕಿದರು, ಎಷ್ಟು ಜನರನ್ನು ಆಸ್ಪತ್ರೆಗೆ ಸೇರಿಸಿದರು ಅನ್ನೋದು ವರದಿಯಲ್ಲಿ ಇರುತ್ತದೆ. ಹೆಣ ಎತ್ತಿದ ಹುಡುಗನಿಗೆ ಆಮೇಲೆ ನಿದ್ದೆ ಬಂತಾ ಅಂತ ಯಾರೂ ಬರೆದಿಡುವುದಿಲ್ಲ.

ಮೊದಲೆಲ್ಲ ಗಮನ ಸಂತ್ರಸ್ತರ ಮೇಲೇ ಇತ್ತು. 1984ರ ಭೋಪಾಲ್ ಅನಿಲ ದುರಂತದ ನಂತರ ನಿಮ್ಹಾನ್ಸ್ ತಜ್ಞರೂ ಸೇರಿ ಅಲ್ಲಿನ ವೈದ್ಯರಿಗೆ ಮನಸ್ಸಿನ ನೋವು ಗುರುತಿಸೋದನ್ನು ಕಲಿಸಿದರು. ಅದು ದೊಡ್ಡ ಹೆಜ್ಜೆಯೇ.

ರಕ್ಷಣೆಗೆ ಹೋದವರ ಬಗ್ಗೆ 1983ರಲ್ಲಿ ಒಂದು ವಿಧಾನ ಹೇಳಿದವರು ಅಮೆರಿಕದ ಜೆಫ್ರಿ ಮಿಚೆಲ್. ಅಗ್ನಿಶಾಮಕ ದಳದಲ್ಲಿ ದುಡಿದವರು. ಘಟನೆ ಆದ ಕೆಲವೇ ದಿನಗಳಲ್ಲಿ ತಂಡವನ್ನು ಕೂರಿಸಿ, ಕಂಡಿದ್ದನ್ನೆಲ್ಲ ಮಾತಾಡಿಸಬೇಕು ಅನ್ನೋದು ಅವರ ದಾರಿ. ಅದು ಬೇಗ ಹಬ್ಬಿತು. ಅತ್ತು ಹೇಳಿಕೊಂಡರೆ ಹಗುರಾಗುತ್ತದೆ ಅಂತ ನಾವೂ ನಂಬುತ್ತೇವೆ, ಅಲ್ವಾ? ಆದರೆ ಹಲವು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2002ರ ಪರಿಶೀಲನೆಯಲ್ಲಿ ಇಂಥ ಒಂದೇ ಸಲದ ಮಾತುಕತೆಯಿಂದ ಮುಂದಿನ ತೊಂದರೆ ತಪ್ಪುವುದಿಲ್ಲ ಅಂತ ತಿಳಿಯಿತು. ಕೆಲವರಿಗೆ ನೋವು ಜಾಸ್ತಿಯೂ ಆಗಿತ್ತು. ಆ ಪ್ರಯೋಗಗಳು ಹೆಚ್ಚಾಗಿ ಸಂತ್ರಸ್ತರ ಮೇಲೆ ನಡೆದಿದ್ದವು, ನಿಜ. ಆದರೂ ಬಲವಂತದಿಂದ ಮಾತಾಡಿಸುವ ಪದ್ಧತಿಯ ಮೇಲಿದ್ದ ನಂಬಿಕೆ ಅಲ್ಲಿಗೆ ಕುಸಿಯಿತು.

ನನ್ನ ಪ್ರಕಾರ ನಿಜವಾದ ತಿರುವು 2007ರದ್ದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ನೆರವು ಸಂಸ್ಥೆಗಳು ಸೇರಿ ತುರ್ತು ಸಂದರ್ಭದ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ತಂದವು. ನೆರವಿಗೆ ಹೋದವರ ಕೆಲಸದ ಅವಧಿ, ವಿಶ್ರಾಂತಿ, ಸುರಕ್ಷತೆ ಎಲ್ಲ ಅವರನ್ನು ಕಳಿಸಿದ ಸಂಸ್ಥೆಯ ಹೊಣೆ ಅಂತ ಅದು ಹೇಳಿತು. ಭೀಕರ ಘಟನೆಗೆ ಸಿಕ್ಕಿ ಉಳಿದ ಸಿಬ್ಬಂದಿಯನ್ನು ಒಂದರಿಂದ ಮೂರು ತಿಂಗಳೊಳಗೆ ಮತ್ತೆ ಕೇಳಿ ನೋಡಬೇಕು, ಡ್ರೈವರ್, ಸ್ವಯಂಸೇವಕ ಯಾರನ್ನೂ ಬಿಡಬಾರದು ಅಂತಲೂ ಹೇಳಿತು. "ಮನಸ್ಸು ಗಟ್ಟಿ ಮಾಡ್ಕೊ" ಅಂತ ಸುಮ್ನೆ ಬೆನ್ನು ತಟ್ಟಿ ಕಳಿಸುವ ನಮ್ಮ ರೂಢಿಗೆ ಇದು ಪೂರ್ತಿ ಉಲ್ಟಾ.

ಕೋವಿಡ್ ಬಂದಾಗ, ದುಡಿಯುವವರ ಸುರಕ್ಷತೆ ದುಡಿಸುವವರ ಹೊಣೆ ಅನ್ನೋದನ್ನು ತಮ್ಮದೇ ಮಾತಲ್ಲಿ ಹೇಳಿದವರು ಆಶಾ ಕಾರ್ಯಕರ್ತೆಯರು. 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ, ಸುರಕ್ಷಾ ಸಾಮಗ್ರಿ ಕೇಳಿ ರಾಜ್ಯದೆಲ್ಲೆಡೆ ಮುಷ್ಕರ ಹೂಡಿದರು. ಮಾಸ್ಕ್, ಗ್ಲೌಸ್ ಕೊಡದೆ ಧೈರ್ಯ ಮಾತ್ರ ಹೇಳಿದರೆ ಆತಂಕ ಹೇಗೆ ಇಳಿದೀತು?

2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆದರೆ ಕರೆ ಮಾಡುವ ಹೊರೆ ಮತ್ತೆ ದಣಿದವರ ಮೇಲೇ ಬೀಳುತ್ತದೆ. ಕಾಳಜಿ ಕೇಂದ್ರ ಮುಚ್ಚಿದ ತಿಂಗಳ ನಂತರ ಅಲ್ಲಿ ದುಡಿದ ಪ್ರತಿಯೊಬ್ಬರಿಗೂ ತಾಲ್ಲೂಕು ಆಡಳಿತವೇ ಒಂದು ಫೋನ್ ಮಾಡಲಿ. ಹೆಸರು, ನಂಬರ್ ಹೇಗೂ ಅವರ ಹತ್ತಿರ ಇರುತ್ತವೆ.