ಹರಳು ಜೋಡಣೆ: ಬ್ರೇಸ್‌ಲೆಟ್, ಮಾಲೆ ಮತ್ತು ನಿತ್ಯದ ಶುದ್ಧಿ – ಅಧ್ಯಯನ ಟಿಪ್ಪಣಿ

ಹರಳುಗಳ ಬಗ್ಗೆ ಕಲಿಯಲು ಹೊರಟವರು ಮೊದಲು ಹುಡುಕುವುದು ಯಾವ ಹರಳು ಯಾವುದಕ್ಕೆ ಒಳ್ಳೆಯದು, ಏನನ್ನು ಗುಣಪಡಿಸುತ್ತದೆ ಎಂಬ ಪಟ್ಟಿಯನ್ನು. ಅಮೆಥಿಸ್ಟ್ ನಿದ್ದೆಗೆ, ರೋಸ್ ಕ್ವಾರ್ಟ್ಸ್ ಒಲವಿಗೆ, ಸಿಟ್ರಿನ್ ಹಣಕ್ಕೆ, ಟೈಗರ್ ಐ ಧೈರ್ಯಕ್ಕೆ. ಪಟ್ಟಿ ನೋಡಿ ಆರು ಬಗೆಯ ಮಣಿಗಳನ್ನು ಒಂದೇ ದಾರಕ್ಕೆ ಪೋಣಿಸುತ್ತಾರೆ, ಶುದ್ಧಿಗೆಂದು ರಾತ್ರಿ ಉಪ್ಪುನೀರಿನಲ್ಲಿ ನೆನೆಸುತ್ತಾರೆ, ಬೆಳಿಗ್ಗೆ ಬಿಸಿಲಿಗೆ ಇಡುತ್ತಾರೆ. ಕೆಲವೇ ತಿಂಗಳಲ್ಲಿ ಅಮೆಥಿಸ್ಟ್ ಬಿಳಚಿಕೊಳ್ಳುತ್ತದೆ, ಮುತ್ತಿನ ಹೊಳಪು ಹೋಗುತ್ತದೆ, ನೀಲಿ ಫಿರೋಜ (ಟರ್ಕಾಯ್ಸ್) ಹಸಿರಿಗೆ ತಿರುಗುತ್ತದೆ, ಒಂದು ದಿನ ಎಲಾಸ್ಟಿಕ್ ತುಂಡಾಗಿ ಮಣಿಗಳೆಲ್ಲ ಚೆಲ್ಲಾಪಿಲ್ಲಿ. ಆದ್ದರಿಂದ ಈ ಟಿಪ್ಪಣಿ ಒಂದೇ ನಿಯಮವನ್ನು ಹಿಡಿದು ಹೊರಡುತ್ತದೆ: ಜೋಡಣೆಯಲ್ಲಿ ಯಾವ ಕಲ್ಲು ಎಲ್ಲಕ್ಕಿಂತ ನಾಜೂಕೋ, ಪೋಣಿಸುವುದರಿಂದ ಶುದ್ಧಿಯವರೆಗೆ ಅದಕ್ಕೆ ಒಗ್ಗುವ ಕ್ರಮವನ್ನೇ ಇಡೀ ಆಭರಣಕ್ಕೆ ಅನುಸರಿಸಬೇಕು.

ಮೊದಲು "ಗುಣಪಡಿಸುವುದು" ಎಂಬ ಮಾತಿನ ಬಗ್ಗೆ. ಹರಳು ಧರಿಸಿದರೆ ಕಾಯಿಲೆ ವಾಸಿಯಾಗುತ್ತದೆ ಎನ್ನಲು ಪುರಾವೆ ಇಲ್ಲ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೆಂಚ್ 2001ರಲ್ಲಿ ಮಂಡಿಸಿದ ಪ್ರಯೋಗದಲ್ಲಿ 80 ಮಂದಿ ಇದ್ದರು. ಕೆಲವರ ಕೈಗೆ ನಿಜವಾದ ಸ್ಫಟಿಕ, ಉಳಿದವರಿಗೆ ನಕಲಿ. ಅಂಗೈ ಜುಮ್ಮೆಂದಿತು, ಬೆಚ್ಚಗಾಯಿತು, ಮನಸ್ಸು ಹಗುರಾಯಿತು ಎಂದು ಎರಡೂ ಗುಂಪಿನವರು ಹೇಳಿದರು. ಅಂದರೆ ಆ ಅನುಭವ ಬರುವುದು ನಮ್ಮ ನಿರೀಕ್ಷೆಯಿಂದ. ಹಾಗೆಂದು ಅಭ್ಯಾಸ ವ್ಯರ್ಥವೆಂದಲ್ಲ. ಜಪಮಾಲೆಯ ಮಣಿ ಬೆರಳಿಗೆ ತಾಗಿದಾಗ ಓಡುವ ಮನಸ್ಸು ನಿಲ್ಲುತ್ತದೆ, ಉಸಿರು ನಿಧಾನವಾಗುತ್ತದೆ. ಆ ಉಪಯೋಗ ದೊಡ್ಡದು. ಆದರೆ ಬಿ.ಪಿ., ಸಕ್ಕರೆ, ಥೈರಾಯ್ಡ್ ಮಾತ್ರೆ ನಿಲ್ಲಿಸಿ ಹರಳು ಹಿಡಿಯಬೇಡಿ, ಹಾಗೆ ಮಾಡಲು ಯಾರಿಗೂ ಹೇಳಬೇಡಿ.

ಗಡಸುತನ: ಯಾವುದರ ಪಕ್ಕ ಯಾವುದು

1812ರಲ್ಲಿ ಫ್ರೆಡ್ರಿಕ್ ಮೋಸ್ ರೂಪಿಸಿದ ಹತ್ತು ಮೆಟ್ಟಿಲ ಅಳತೆ ಇವತ್ತಿಗೂ ಇಲ್ಲಿ ಸಾಕು. ಹೆಚ್ಚು ಸಂಖ್ಯೆಯ ಕಲ್ಲು ಕಡಿಮೆ ಸಂಖ್ಯೆಯದನ್ನು ಗೀರುತ್ತದೆ. ಸ್ಫಟಿಕ, ಅಂದರೆ ಕ್ವಾರ್ಟ್ಸ್, 7. ಇದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ, ಏಕೆಂದರೆ ರಸ್ತೆಯ ದೂಳಿನಲ್ಲೂ ಸ್ಫಟಿಕದ ಕಣಗಳೇ ಇರುತ್ತವೆ. 7ಕ್ಕಿಂತ ಮೆತ್ತಗಿನ ಯಾವ ಕಲ್ಲನ್ನೇ ಆಗಲಿ, ದೂಳು ಹಿಡಿದ ಒಣಬಟ್ಟೆಯಿಂದ ಒರೆಸಿದರೂ ಸವೆಯುತ್ತದೆ.

ಸ್ಫಟಿಕ, ಅಮೆಥಿಸ್ಟ್, ಸಿಟ್ರಿನ್, ರೋಸ್ ಕ್ವಾರ್ಟ್ಸ್, ಸ್ಮೋಕಿ ಕ್ವಾರ್ಟ್ಸ್, ಟೈಗರ್ ಐ, ಅಗೇಟ್, ಕಾರ್ನೀಲಿಯನ್, ಜಾಸ್ಪರ್ ಎಲ್ಲವೂ ಒಂದೇ ಕುಟುಂಬ, ಸುಮಾರು 6.5ರಿಂದ 7. ಬ್ಲ್ಯಾಕ್ ಟೂರ್ಮಲಿನ್ ಮತ್ತು ಗಾರ್ನೆಟ್ ಕೂಡ ಇವುಗಳ ಆಸುಪಾಸಿನವೇ. ಇವನ್ನು ಹೇಗೆ ಬೇಕಾದರೂ ಬೆರೆಸಿ ದಿನವೂ ಮಣಿಕಟ್ಟಿಗೆ ಹಾಕಬಹುದು. ಮೂನ್‌ಸ್ಟೋನ್, ಲ್ಯಾಬ್ರಡೊರೈಟ್, ಅಮೆಜೊನೈಟ್ 6ರಿಂದ 6.5, ಸಂಖ್ಯೆ ಹತ್ತಿರವಿದ್ದರೂ ಇವು ಪದರದ ಗುಂಟ ಸೀಳುವ ಕಲ್ಲುಗಳು, ಹೊಡೆತ ತಾಳುವುದಿಲ್ಲ. ಲ್ಯಾಪಿಸ್ ಮತ್ತು ಫಿರೋಜ 5ರಿಂದ 6, ಫ್ಲೋರೈಟ್ 4, ಮಲಕೈಟ್ 3.5ರಿಂದ 4, ಹವಳ ಅದೇ ಸುಮಾರು, ಮುತ್ತು 2.5ರಿಂದ ಶುರು. ಸೆಲೆನೈಟ್ ಬರೀ 2. ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ. ಲ್ಯಾಪಿಸ್‌ನಿಂದ ಸೆಲೆನೈಟ್‌ವರೆಗಿನ ಈ ಕೊನೆಯ ಗುಂಪಿಗೆ ಓಲೆ ಅಥವಾ ಪದಕ ಸರಿಯಾದ ಜಾಗ. ಮಣಿಕಟ್ಟು ಮೇಜಿಗೆ, ಬಾಗಿಲಿಗೆ, ಪಾತ್ರೆಗೆ ತಗಲುತ್ತಲೇ ಇರುತ್ತದೆ.

ಮೇಲಿನ ತುದಿಯನ್ನೂ ಮರೆಯಬಾರದು. ಮೈಸೂರು ಸೀಮೆಯಲ್ಲಿ ಸಿಗುವ ನಕ್ಷತ್ರ ಮಾಣಿಕ್ಯ ಕೊರಂಡಮ್ ಎಂಬ ಖನಿಜ, ಗಡಸುತನ 9. ಅದನ್ನು ಅಮೆಥಿಸ್ಟ್ ಮಣಿಯ ಪಕ್ಕ ಪೋಣಿಸಿದರೆ ಸವೆಯುವುದು ಅಮೆಥಿಸ್ಟ್. ಒಂಟಿ ಪದಕವಾಗಿ ಕಟ್ಟಿಸುವುದೇ ಲೇಸು.

ನವರತ್ನದ ಉಂಗುರ ಇದಕ್ಕೆಲ್ಲ ಒಳ್ಳೆಯ ಪಾಠ. ವಜ್ರ 10, ಮಾಣಿಕ್ಯ, ನೀಲ ಮತ್ತು ಪುಷ್ಯರಾಗ 9, ವೈಡೂರ್ಯ 8.5, ಪಚ್ಚೆ 7.5ರಿಂದ 8, ಗೋಮೇಧಿಕ 7ರ ಸುಮಾರು, ಕೊನೆಗೆ ಹವಳ, ಮುತ್ತು. ಕುಂದಣದಲ್ಲಿ ಒಂದೊಂದು ಕಲ್ಲಿಗೂ ಪ್ರತ್ಯೇಕ ಮನೆ ಇರುವುದರಿಂದ ಅವು ಒಂದನ್ನೊಂದು ಉಜ್ಜುವುದಿಲ್ಲ. ಆದರೆ ಶುದ್ಧಿ ಒಟ್ಟಿಗೇ ಆಗಬೇಕು, ತೊಂದರೆ ಅಲ್ಲೇ. ಬೆಳ್ಳಿ ಕಪ್ಪಾಯಿತೆಂದು ಹುಣಸೆಹಣ್ಣು ಅಥವಾ ನಿಂಬೆ ಹಾಕಿ ತಿಕ್ಕಿದರೆ ಬೆಳ್ಳಿ ಥಳಥಳ ಎನ್ನುತ್ತದೆ. ಮುತ್ತು ಮತ್ತು ಹವಳ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಹುಳಿಗೆ ಕರಗಿ ಮೇಲ್ಪದರ ಸುಣ್ಣದಂತಾಗುತ್ತದೆ. ಹೋದ ಹೊಳಪು ಮರಳಿ ಬರುವುದಿಲ್ಲ. ಪಚ್ಚೆಯ ಬಿರುಕುಗಳಲ್ಲಿ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ, ಬಿಸಿನೀರು, ಸೋಪಿಗೆ ಅದು ಹೊರಬಂದು ಬಿರುಕು ಎದ್ದು ಕಾಣುತ್ತದೆ. ಕಂಪನದಿಂದ ತೊಳೆಯುವ ಅಂಗಡಿಯ ಅಲ್ಟ್ರಾಸೋನಿಕ್ ಯಂತ್ರಕ್ಕೆ ನವರತ್ನವನ್ನು ಹಾಕಲು ಬಿಡಬೇಡಿ. ಒದ್ದೆ ಮಾಡಿ ಹಿಂಡಿದ ಮೆತ್ತನೆ ಹತ್ತಿಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಿಸಿ. ಅಷ್ಟೇ.

ಇನ್ನೊಂದು ಮಾತು: ನವರತ್ನದ ಲೆಕ್ಕ ಜ್ಯೋತಿಷ್ಯದ್ದು, ಗ್ರಹಕ್ಕೊಂದು ಕಲ್ಲು. "ಅಮೆಥಿಸ್ಟ್ ಮನಶ್ಶಾಂತಿಗೆ" ಎಂಬ ಬಗೆಯ ಪಟ್ಟಿಗಳು ಬಹುಪಾಲು ಪಶ್ಚಿಮದ ನ್ಯೂ ಏಜ್ ಎಂಬ ಹೊಸ ಅಧ್ಯಾತ್ಮದ ಬಳಗಗಳಿಂದ ಬಂದವು. ಎರಡನ್ನೂ ಕಲಸಿ ಒಂದು ಬ್ರೇಸ್‌ಲೆಟ್ ಮಾಡುವವರು ಯಾವ ಸಂಪ್ರದಾಯವನ್ನೂ ಪಾಲಿಸಿದಂತಾಗುವುದಿಲ್ಲ. ಒಂದನ್ನು ಆರಿಸಿಕೊಳ್ಳಿ. ಒಂದು ಆಭರಣಕ್ಕೆ ಮೂರು ಬಗೆಯ ಕಲ್ಲು ಸಾಕು.

ಒಂದು ಬ್ರೇಸ್‌ಲೆಟ್, ಅಳತೆ ಸಮೇತ

ಮಣಿಕಟ್ಟನ್ನು ಟೇಪಿನಿಂದ ಅಳೆಯಿರಿ. 16 ಸೆಂ.ಮೀ. ಬಂತೆನ್ನಿ. 16 ಸೆಂ.ಮೀ. ಉದ್ದಕ್ಕೆ ಮಣಿ ಪೋಣಿಸಿದರೆ ಬಿಗಿಯಾಗುತ್ತದೆ, ಹೊಸಬರು ಎಡವುವುದು ಇಲ್ಲೇ. ದಾರ ಮಣಿಯ ನಡುವೆ ಹಾಯುತ್ತದೆ, ಮೈಗೆ ತಾಗುವುದು ಮಣಿಯ ಒಳಮೈ. ಹಾಗಾಗಿ ಒಳಸುತ್ತು ದಾರದ ಸುತ್ತಿಗಿಂತ ಚಿಕ್ಕದು. ಮಣಿಯ ಅಡ್ಡಳತೆಯನ್ನು 3.14ರಿಂದ ಗುಣಿಸಿ ಸೇರಿಸಬೇಕು. 6 ಮಿ.ಮೀ. ಮಣಿಗೆ ಸುಮಾರು 2 ಸೆಂ.ಮೀ., 8ಕ್ಕೆ 2.5, 10ಕ್ಕೆ 3. ನಮ್ಮ ಉದಾಹರಣೆಯಲ್ಲಿ 18.5 ಸೆಂ.ಮೀ., ಅಂದರೆ 8 ಮಿ.ಮೀ.ನ 23 ಮಣಿ.

ಈಗ ಅಮೆಥಿಸ್ಟ್, ಸ್ಫಟಿಕ, ಮೂನ್‌ಸ್ಟೋನ್ ಜೋಡಿಸೋಣ. ಇಲ್ಲಿ ನಾಜೂಕಿನದು ಮೂನ್‌ಸ್ಟೋನ್. ಅದಕ್ಕೆ ಅಮೆಥಿಸ್ಟ್, ಸ್ಫಟಿಕ ತಾಗದಂತೆ 2 ಮಿ.ಮೀ. ದಪ್ಪದ ಬೆಳ್ಳಿ ಸ್ಪೇಸರ್ (ನಡುವೆ ಕೂರಿಸುವ ತೆಳು ಬಿಲ್ಲೆ) ನಾಲ್ಕು ಬೇಕು. ನಾಲ್ಕೂ ಸೇರಿ 8 ಮಿ.ಮೀ., ಒಂದು ಮಣಿಯ ಜಾಗ. ಆದ್ದರಿಂದ ಮಣಿ 22. ಕ್ರಮ ಹೀಗೆ: ಸ್ಪೇಸರ್, ಎರಡು ಮೂನ್‌ಸ್ಟೋನ್, ಸ್ಪೇಸರ್, ಬಳಿಕ ಅಮೆಥಿಸ್ಟ್‌ನಿಂದ ಶುರುವಾಗಿ ಅಮೆಥಿಸ್ಟ್‌ನಲ್ಲೇ ಮುಗಿಯುವ ಒಂಬತ್ತು ಮಣಿ, ಒಂದು ಬಿಟ್ಟು ಒಂದು ಸ್ಫಟಿಕ. ಇದನ್ನೇ ಇನ್ನೊಮ್ಮೆ. ಒಟ್ಟು ಅಮೆಥಿಸ್ಟ್ 10, ಸ್ಫಟಿಕ 8, ಮೂನ್‌ಸ್ಟೋನ್ 4. ನಾಜೂಕಿನ ಕಲ್ಲು ಕೈಯ ಮೇಲ್ಭಾಗದಲ್ಲಿ ಇರಲಿ ಎಂದು ಯೋಜಿಸಿ ಪ್ರಯೋಜನವಿಲ್ಲ, ಎಲಾಸ್ಟಿಕ್ ಬ್ರೇಸ್‌ಲೆಟ್ ದಿನವಿಡೀ ತಿರುಗುತ್ತಲೇ ಇರುತ್ತದೆ.

ಈ ಮಣಿಗಳಿಗೆ 0.7 ಅಥವಾ 0.8 ಮಿ.ಮೀ. ಎಲಾಸ್ಟಿಕ್ ದಾರ ಸರಿ. 30 ಸೆಂ.ಮೀ. ಕತ್ತರಿಸಿ, ಪೋಣಿಸುವ ಮೊದಲೇ ನಾಲ್ಕೈದು ಸಲ ಚೆನ್ನಾಗಿ ಎಳೆದು ಬಿಡಿ. ಇದನ್ನು ಬಿಟ್ಟರೆ ವಾರದಲ್ಲಿ ದಾರ ಸಡಿಲಾಗಿ ಮಣಿಗಳ ನಡುವೆ ಎಳೆ ಕಾಣುತ್ತದೆ. ಗಂಟು ಹಾಕುವಾಗ ಮೊದಲ ಸುತ್ತಿನಲ್ಲಿ ತುದಿಯನ್ನು ಎರಡು ಸಲ ಹಾಯಿಸಿ ಬಿಗಿ ಮಾಡಿ, ಎರಡನೆಯ ಸುತ್ತನ್ನು ಎದುರು ದಿಕ್ಕಿನಲ್ಲಿ ಹಾಕಿ. ಗಂಟಿಗೆ ಒಂದು ಹನಿ ಮೆತುವಾಗಿ ಒಣಗುವ ಆಭರಣದ ಅಂಟು, ಒಂದು ಇಡೀ ದಿನ ಮುಟ್ಟಬೇಡಿ. ಫೆವಿಕ್ವಿಕ್‌ನಂತಹ ತಕ್ಷಣ ಹಿಡಿಯುವ ಅಂಟು ಬೇಡ; ಗಂಟಿನ ಬುಡದಲ್ಲಿ ದಾರ ಗಾಜಿನಂತೆ ಬಿರುಸಾಗಿ ಅಲ್ಲೇ ಮುರಿಯುತ್ತದೆ. ತುದಿಗಳನ್ನು 2 ಮಿ.ಮೀ. ಬಿಟ್ಟು ಕತ್ತರಿಸಿ ಗಂಟನ್ನು ಪಕ್ಕದ ಮಣಿಯ ತೂತಿನೊಳಗೆ ಎಳೆದುಕೊಳ್ಳಿ.

ದಾರ ತುಂಡಾಗಲು ಕಾರಣ ಬಹುತೇಕ ಎರಡು. ತೂತಿನ ಅಂಚು ಹರಿತವಾಗಿರುವುದು ಒಂದು. ಎಣ್ಣೆ, ಬೆವರು ಕುಡಿದ ಎಲಾಸ್ಟಿಕ್ ಉಬ್ಬಿ ಬಲ ಕಳೆದುಕೊಳ್ಳುವುದು ಇನ್ನೊಂದು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವಾಗ ಬಿಚ್ಚಿಡಿ. ತೂತು ಸರಿಪಡಿಸಬೇಕಾದರೆ ಮಣಿಯನ್ನು ನೀರಿನೊಳಗೆ ಹಿಡಿದೇ ಅರ ಆಡಿಸಿ. ಸ್ಫಟಿಕ, ಅಗೇಟ್‌ನ ಒಣ ಪುಡಿ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್. ನಮಗೆ ಅಗೇಟ್ ಮಣಿ ಒದಗಿಸುವ ಗುಜರಾತಿನ ಖಂಭಾತ್‌ನಲ್ಲಿ ಎಷ್ಟೋ ಕುಶಲಕರ್ಮಿಗಳನ್ನು ಬಲಿ ತೆಗೆದುಕೊಂಡ ಕಾಯಿಲೆ ಅದು. ಆ ಕೈಗಳನ್ನು ನೆನೆಯದೆ ಮಣಿಯ ಬೆಲೆ ಚೌಕಾಸಿ ಮಾಡಬಾರದು.

108 ಮಣಿಯ ಮಾಲೆಗೆ ಎಲಾಸ್ಟಿಕ್ ಬೇಡವೇ ಬೇಡ. 8 ಮಿ.ಮೀ.ನ ಒಂದು ಸ್ಫಟಿಕ ಮಣಿ ಸುಮಾರು 0.7 ಗ್ರಾಂ, ಮಾಲೆ 75 ಗ್ರಾಂ ದಾಟುತ್ತದೆ. ಹೆಮಟೈಟ್ ಆದರೆ ಅದರ ಇಮ್ಮಡಿ. ರೇಷ್ಮೆ ಅಥವಾ ನೈಲಾನ್ ದಾರಕ್ಕೆ ಮಣಿಗೊಂದು ಗಂಟು ಹಾಕಿ. ಗಂಟು ಹಾಕುವಾಗ ಸೂಜಿಯನ್ನು ಕುಣಿಕೆಯೊಳಗೆ ಇಟ್ಟು ಮಣಿಯ ಬುಡದವರೆಗೆ ಜಾರಿಸಿಕೊಂಡು ಹೋಗಿ ಸೂಜಿ ತೆಗೆದರೆ ಸಂದು ಉಳಿಯುವುದಿಲ್ಲ. ಮಣಿ ಮಣಿಗೆ ಉಜ್ಜುವುದಿಲ್ಲ, ಕಿತ್ತರೂ ಒಂದೇ ಬೀಳುತ್ತದೆ. ಮೇರುಮಣಿಗೆ ಬೇರೆ ಕಲ್ಲು ಇಟ್ಟರೆ ಕಣ್ಣು ಮುಚ್ಚಿಯೂ ಬೆರಳಿಗೆ ತಿಳಿಯುತ್ತದೆ.

ನಮ್ಮಲ್ಲಿ ಹೆಚ್ಚು ಕಾಣುವ ರುದ್ರಾಕ್ಷಿ–ಸ್ಫಟಿಕ ಮಾಲೆಯಲ್ಲಿ ನಾಜೂಕಿನದು ರುದ್ರಾಕ್ಷಿ. ಅದು ಬೀಜ, ನೀರು ಕುಡಿದು ಉಬ್ಬುತ್ತದೆ, ಮಳೆಗಾಲದಲ್ಲಿ ತೂತಿನೊಳಗೆ ಬೂಷ್ಟು ಹಿಡಿಯುತ್ತದೆ. ಸ್ನಾನಕ್ಕೆ ತೆಗೆದಿಡಿ. ಒಣ ಬ್ರಷ್‌ನಿಂದ ಗೀರುಗಳ ಕೊಳೆ ತೆಗೆದು, ಬೆರಳ ತುದಿಯಲ್ಲಿ ಒಂದು ತೊಟ್ಟು ಎಣ್ಣೆ ಸವರಿ, ಉಳಿದದ್ದನ್ನು ಬಟ್ಟೆಯಿಂದ ಒರೆಸಿ.

ಶುದ್ಧಿಯ ಕ್ರಮಗಳು

ಸ್ಫಟಿಕ ಹುಳಿ, ಹಾಲು, ನೀರು ಯಾವುದಕ್ಕೂ ಜಗ್ಗುವುದಿಲ್ಲ. ಶೃಂಗೇರಿಯ ಚಂದ್ರಮೌಳೀಶ್ವರನಂಥ ಸ್ಫಟಿಕ ಲಿಂಗಗಳು ತಲೆಮಾರುಗಳ ಪೂಜೆ ಕಂಡೂ ಉಳಿದಿರುವುದರಲ್ಲಿ ಕಲ್ಲಿನ ಈ ಗುಣದ ಪಾಲೂ ಇದೆ. ಹಾಲು, ನೀರು ಎರೆಯುವ ಆ ಕ್ರಮವನ್ನು ಎಲ್ಲ ಹರಳಿಗೂ ಹಚ್ಚುವುದೇ ತಪ್ಪು. ಸೆಲೆನೈಟ್ ಅಂದರೆ ಜಿಪ್ಸಮ್, ನೀರಿನಲ್ಲಿ ಲೀಟರಿಗೆ ಎರಡು ಗ್ರಾಂನಷ್ಟು ಕರಗುತ್ತದೆ. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಅಂಚು. ಪೈರೈಟ್ ತೇವಕ್ಕೆ ತುಕ್ಕು ಹಿಡಿಯುತ್ತದೆ, ಲ್ಯಾಪಿಸ್‌ನ ಚಿನ್ನದ ಚುಕ್ಕಿಗಳೂ ಪೈರೈಟೇ. ಕಲ್ಲುಪ್ಪಿನ ರಾಶಿಯಲ್ಲಿ ಹೂತಿಡುವುದು ಮಳೆಗಾಲದಲ್ಲಿ ಉಪ್ಪುನೀರಿನಲ್ಲಿ ನೆನೆಸಿದಂತೆಯೇ, ಉಪ್ಪು ಪಸೆಯೊಡೆದು ಬೆಳ್ಳಿಯನ್ನೂ ತಿನ್ನುತ್ತದೆ.

ಬಿಸಿಲಿಗೆ ಅಮೆಥಿಸ್ಟ್, ರೋಸ್ ಕ್ವಾರ್ಟ್ಸ್, ಫ್ಲೋರೈಟ್ ಬಣ್ಣ ಬಿಡಬಹುದು. ಸ್ಫಟಿಕದ ಗೋಳವನ್ನಂತೂ ಕಿಟಕಿಯ ಬಳಿ ಇಡಲೇಬೇಡಿ: ಅದು ಬಿಸಿಲನ್ನು ಒಂದು ಬಿಂದುವಿಗೆ ಕೂಡಿಸಿ ಪರದೆಗೆ, ಮೇಜಿನ ಬಟ್ಟೆಗೆ ಬೆಂಕಿ ಹಚ್ಚಬಲ್ಲದು.

ಬೆರಕೆ ಆಭರಣಕ್ಕೆ ಹೊಂದುವುದು ಮೂರೇ: ಬೆಳದಿಂಗಳು, ಗಂಟೆಯ ನಾದ, ಸಾಂಬ್ರಾಣಿ ಹೊಗೆ. ಹೊಗೆ ಆದರೆ ಕೆಂಡದಿಂದ ಒಂದು ಗೇಣು ಮೇಲೆ, ಐದಾರು ಉಸಿರಿನಷ್ಟು ಹೊತ್ತು. ಹತ್ತಿರ ಹಿಡಿದರೆ ಮಸಿ ಮುತ್ತಿಗೂ ಫಿರೋಜಕ್ಕೂ ಅಂಟುತ್ತದೆ.

ಹರಳು ಹಾಕಿದ ನೀರನ್ನು ಕುಡಿಯುವ ರೂಢಿ ಅಪಾಯದ್ದು. ಮಲಕೈಟ್‌ನಲ್ಲಿ ತಾಮ್ರ, ಗಲೀನಾದಲ್ಲಿ ಸೀಸ, ಸಿನಬಾರ್‌ನಲ್ಲಿ ಪಾದರಸ ಇದೆ. ಬಣ್ಣ ಹಾಕಿದ ಅಗ್ಗದ ಮಣಿಯಲ್ಲಿ ಏನಿದೆಯೆಂದು ಹೇಳುವವರೇ ಇಲ್ಲ. ನೀರಿನ ಲೋಟದ ಪಕ್ಕದಲ್ಲಿ ಕಲ್ಲನ್ನಿಟ್ಟು ಸಂಕಲ್ಪ ಮಾಡಿದರೆ ಆಯಿತು.

ಕೊಳ್ಳುವಾಗ

ಪೇಟೆಯಲ್ಲಿ 8 ಮಿ.ಮೀ. ಮಣಿಯ ಸರ ಸಾಮಾನ್ಯವಾಗಿ 38–40 ಸೆಂ.ಮೀ. ಇರುತ್ತದೆ. ಮಣಿ 46ರಿಂದ 50. ಒಂದೇ ಬಗೆಯದಾದರೆ ಎರಡು ಬ್ರೇಸ್‌ಲೆಟ್‌ಗೆ ಸಾಕು. ಮೊದಲು ತೂತಿನೊಳಗೆ ನೋಡಿ. ಬಣ್ಣ ಬಿರುಕುಗಳಲ್ಲಿ, ತೂತಿನ ಸುತ್ತ ದಟ್ಟವಾಗಿದ್ದರೆ ಅದು ಹಾಕಿದ ಬಣ್ಣ. ಅಸಿಟೋನ್ ತಾಗಿಸಿದ ಹತ್ತಿಯಿಂದ ಒಂದು ಮಣಿ ಒರೆಸಿ. ಹತ್ತಿ ನೀಲಿಯಾದರೆ ಫಿರೋಜ ಎಂದು ಕೊಟ್ಟದ್ದು ಬಹುಶಃ ಬಣ್ಣ ಬಳಿದ ಹೌಲೈಟ್ ಎಂಬ ಬಿಳಿ ಕಲ್ಲು. ಪೇಟೆಯ ಸಿಟ್ರಿನ್ ಬಹುಪಾಲು ಕಾಯಿಸಿದ ಅಮೆಥಿಸ್ಟ್, ಅದು ಕ್ವಾರ್ಟ್ಸೇ ಆದ್ದರಿಂದ ಮೋಸವಲ್ಲ, ಆದರೆ ಅಪರೂಪದ ಬೆಲೆ ಕೊಡಬೇಕಿಲ್ಲ. ಓಪಲೈಟ್, ಚೆರ್ರಿ ಕ್ವಾರ್ಟ್ಸ್, ಮಿನುಗುವ ಗೋಲ್ಡ್‌ಸ್ಟೋನ್ ಮೂರೂ ಗಾಜು. ಸ್ಫಟಿಕವೆಂದು ಕೊಟ್ಟ ಮಣಿಯಲ್ಲಿ ದುಂಡನೆಯ ಗುಳ್ಳೆ ಕಂಡರೂ ಅದು ಗಾಜೇ. ದೊಡ್ಡ ಗೋಳವಾದರೆ ಒಂದು ಕೂದಲಿನ ಮೇಲಿಟ್ಟು ನಿಧಾನವಾಗಿ ಹೊರಳಿಸಿ: ನಿಜವಾದ ಸ್ಫಟಿಕದಲ್ಲಿ ಕೆಲವು ಕೋನಗಳಲ್ಲಿ ಕೂದಲು ಎರಡಾಗಿ ಕಾಣುತ್ತದೆ, ಗಾಜಿನಲ್ಲಿ ಹೇಗೆ ಹೊರಳಿಸಿದರೂ ಒಂದೇ.