ಆನೆ ಲದ್ದಿಯಿಂದ ಯೀಸ್ಟಿಗೆ ಬಂದ ಜೀನ್

ಸಕ್ರೆಬೈಲಿನಲ್ಲೋ ದುಬಾರೆಯಲ್ಲೋ ಆನೆ ಲದ್ದಿಯನ್ನು ಹತ್ತಿರದಿಂದ ನೋಡಿದ್ದೀರಾ? ಒಣಗಿದ ಉಂಡೆಯನ್ನು ಕಡ್ಡಿಯಲ್ಲಿ ಒಡೆದರೆ ಒಳಗೆಲ್ಲ ನಾರು. ಆನೆ ತಿಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಜೀರ್ಣವಾಗದೆ ಹೊರಬರುತ್ತದೆ. ನಾರಿನಲ್ಲಿ ಅಷ್ಟಾದರೂ ಮೈಗೆ ಹತ್ತುವುದು ಕರುಳಿನಲ್ಲಿರುವ ಸೂಕ್ಷ್ಮಜೀವಿಗಳ ದಯೆಯಿಂದ. ಅಂಥದ್ದೊಂದು ಶಿಲೀಂಧ್ರ ಪೈರೋಮೈಸಿಸ್. ಭಾರತೀಯ ಆನೆಯೊಂದರ ಲದ್ದಿಯಲ್ಲಿ ಸಿಕ್ಕ ಈ ಜೀವಿ, ಹುಲ್ಲಿನಿಂದ ಇಂಧನ ಮಾಡಲು ಹೊರಟವರಿಗೆ ದೊಡ್ಡ ಉಪಕಾರ ಮಾಡಿತು.

ಒಣಹುಲ್ಲು, ಕಬ್ಬಿನ ಸಿಪ್ಪೆ, ಜೋಳದ ದಂಟು ಇವುಗಳಲ್ಲಿ ಬೇಕಾದಷ್ಟು ಸಕ್ಕರೆ ಇದೆ, ಆದರೆ ಉದ್ದುದ್ದ ಸರಪಳಿಯಾಗಿ ಬಿಗಿದುಕೊಂಡಿರುತ್ತದೆ. ಬೇಯಿಸಿ, ಕಿಣ್ವ ಹಾಕಿ ಬಿಡಿಸಿದರೆ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ: ಗ್ಲೂಕೋಸ್, ಕ್ಸೈಲೋಸ್. ಬ್ರೆಡ್ ಉಬ್ಬಿಸುವ ಯೀಸ್ಟ್ ಗ್ಲೂಕೋಸ್ ತಿಂದು ಎಥನಾಲ್ ಎಂಬ ಇಂಧನ ಕೊಡುತ್ತದೆ. ಕ್ಸೈಲೋಸನ್ನು ಮಾತ್ರ ಹುದುಗಿಸಲಾರದು. ಅಷ್ಟು ಕಷ್ಟಪಟ್ಟು ಬಿಡಿಸಿದ ಸಕ್ಕರೆ ಸುಮ್ನೆ ತೊಟ್ಟಿಯಲ್ಲೇ ಉಳಿದರೆ ನಷ್ಟ ಅಲ್ವಾ?

1993ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ನ್ಯಾನ್ಸಿ ಹೋ ಅವರ ತಂಡ ಬೇರೊಂದು ಯೀಸ್ಟಿನ ಜೀನ್‌ಗಳನ್ನು ತಂದು ಬ್ರೆಡ್ ಯೀಸ್ಟಿಗೆ ಸೇರಿಸಿತು. ಯೀಸ್ಟ್ ಎರಡೂ ಸಕ್ಕರೆ ತಿನ್ನತೊಡಗಿತು. ಆದರೆ ಕ್ಸೈಲೋಸನ್ನು ಯೀಸ್ಟಿಗೆ ಒಗ್ಗುವ ರೂಪಕ್ಕೆ ತರಲು ಆ ದಾರಿಯಲ್ಲಿ ಎರಡು ಹೆಜ್ಜೆ. ಒಂದಕ್ಕೊಂದು ಸರಿಹೊಂದದೆ ಹೋದಾಗ ಕ್ಸೈಲೋಸಿನ ಒಂದಷ್ಟು ಪಾಲು ಎಥನಾಲ್ ಆಗದೆ ನಡುವೆಯೇ ನಿಂತುಬಿಡುತ್ತಿತ್ತು.

ಆನೆಯ ಶಿಲೀಂಧ್ರ ಅದೇ ಕೆಲಸವನ್ನು ಒಂದೇ ಹೆಜ್ಜೆಯಲ್ಲಿ ಮುಗಿಸುತ್ತದೆ. ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ಕೆಲಸ ಮಾಡುವ ಜೀನನ್ನು ಯೀಸ್ಟಿಗೆ ಕಸಿ ಮಾಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೀಸ್ಟ್ ಕ್ಸೈಲೋಸ್ ತಿಂದಿತು, ಆದರೆ ಬೆಳೆದದ್ದು ತೀರಾ ನಿಧಾನ. ಮುಂದೆ ಅವರು ಮಾಡಿದ್ದು ನನಗೆ ತುಂಬಾ ಇಷ್ಟ. ಕ್ಸೈಲೋಸ್ ಊಟದ ಮೇಲೆಯೇ ತಲೆಮಾರುಗಟ್ಟಲೆ ಯೀಸ್ಟ್ ಸಾಕಿದರು. ಬೇಗ ಬೆಳೆದವನ್ನು ಉಳಿಸಿಕೊಂಡು ಹೋದರು. ನಮ್ಮ ರೈತರು ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಎತ್ತಿಡುವುದಿಲ್ಲವೇ, ಹಾಗೆ. ಕಸಿಯ ಜೊತೆ ಈ ಆಯ್ಕೆಯೂ ಸೇರಿದಾಗಲೇ ಯೀಸ್ಟ್ ಚುರುಕಾಯಿತು.

ಸೂಕ್ಷ್ಮಜೀವಿ ಎಥನಾಲನ್ನೇ ಕೊಡಬೇಕೆಂದೇನೂ ಇಲ್ಲ. ಜೀನ್ ಬದಲಿಸಿದ ಇ. ಕೋಲೈ ಬ್ಯಾಕ್ಟೀರಿಯಾ ಮೆಕ್ಕೆಜೋಳದ ಸಕ್ಕರೆಯಿಂದ ಪ್ರೊಪೇನ್‌ಡಯಾಲ್ ಎಂಬ ರಾಸಾಯನಿಕ ಮಾಡುತ್ತದೆ. ಅದರಿಂದ ಕಾರ್ಪೆಟ್ಟಿನ ಎಳೆ ತಯಾರಿಸುತ್ತಾರೆ. ಆ ಸಕ್ಕರೆ ಕಾಳಿನ ಬದಲು ದಂಟಿನಿಂದ ಬಂದರೆ ಎಷ್ಟು ಒಳ್ಳೆಯದು!

ಅದಕ್ಕೆ ಇನ್ನೊಂದು ತೊಡಕಿದೆ. ಹುಲ್ಲು ಬೇಯಿಸುವಾಗ ಸಕ್ಕರೆಯ ಜೊತೆ ಅಸಿಟಿಕ್ ಆಮ್ಲ, ಫರ್ಫ್ಯೂರಲ್ ಕೂಡ ಬಿಡುಗಡೆಯಾಗುತ್ತವೆ. ಎರಡೂ ಯೀಸ್ಟಿಗೆ ವಿಷ. ಈಗ ಪ್ರಯೋಗಾಲಯಗಳಲ್ಲಿ ಆ ಹುಳಿ ಕಷಾಯದಲ್ಲೇ ಯೀಸ್ಟ್ ಬೆಳೆಸಿ, ಬದುಕಿ ಉಳಿದದ್ದನ್ನು ಆರಿಸುತ್ತಿದ್ದಾರೆ.