ಫೌಂಟನ್ ಪೆನ್ ಮಾಡೋಕೆ ಮೊದಲು ಏನು ಕೊಳ್ಳಬೇಕು?

ಪ್ರಶ್ನೆ: ಫೌಂಟನ್ ಪೆನ್ ನಾನೇ ಮಾಡಬೇಕು ಅಂತ ಆಸೆ. ಎಬೊನೈಟ್, ಅಕ್ರಿಲಿಕ್, ಮರ, ಯಾವುದರಿಂದ ಶುರು ಮಾಡಲಿ? ಲೇತ್ ಬಿಟ್ಟು ಇನ್ನೇನು ಬೇಕು?

ಉತ್ತರ: ಪೆನ್ ಕಡೆಯುವ ರಾಡ್ ಯಾವುದರದ್ದು ಅನ್ನೋದು ಆಮೇಲೆ ನೋಡೋಣ. ಮೊದಲು ನಿಬ್ ಯಾವುದು ಅಂತ ತೀರ್ಮಾನ ಮಾಡಿಕೊಳ್ಳಿ. ಯಾವ ಟ್ಯಾಪ್ (ತೂತಿನ ಒಳಗೆ ಮರೆ, ಅಂದರೆ ಸ್ಕ್ರೂವಿನ ಸುತ್ತುಗೆರೆ, ಕೊರೆಯುವ ಉಪಕರಣ) ಬೇಕು, ತೂತು ಎಷ್ಟು ದಪ್ಪ ಕೊರೆಯಬೇಕು ಅನ್ನೋದೆಲ್ಲ ಅದರ ಮೇಲೇ ನಿಂತಿದೆ. ಜೋವೋ ಕಂಪನಿಯ 6ನೇ ನಂಬರ್ ನಿಬ್ ಯೂನಿಟ್‌ಗೆ (ನಿಬ್, ಅದಕ್ಕೆ ಇಂಕ್ ಕೊಡುವ ಭಾಗ, ಎರಡನ್ನೂ ಹಿಡಿಯುವ ಕವಚ) 7.4 ಮಿ.ಮೀ. ವ್ಯಾಸ, 0.5 ಮಿ.ಮೀ. ಪಿಚ್‌ನ (ಒಂದು ಸುತ್ತುಗೆರೆಯಿಂದ ಪಕ್ಕದ್ದಕ್ಕೆ ಇರುವ ದೂರ) ಟ್ಯಾಪ್ ಬೇಕು. ಬಾಕ್ ಕಂಪನಿಯದ್ದೂ 6ನೇ ನಂಬರೇ, ನೋಡೋಕೂ ಹಾಗೇ ಇರುತ್ತೆ. ಆದರೆ ಒಂದರ ಮರೆಗೆ ಇನ್ನೊಂದು ಕೂರುವುದಿಲ್ಲ.

ಮುಚ್ಚಳದ ಮರೆಗೆ ಟ್ರಿಪಲ್ ಸ್ಟಾರ್ಟ್ ಟ್ಯಾಪ್ ಮತ್ತು ಡೈ (ರಾಡಿನ ಹೊರಮೈ ಮೇಲೆ ಮರೆ ಕೊರೆಯುವ ಉಪಕರಣ) ತಗೊಳ್ಳಿ. 13 ಮಿ.ಮೀ. ವ್ಯಾಸ, 0.8 ಮಿ.ಮೀ. ಪಿಚ್‌ನ ಜೋಡಿ ತುಂಬ ಜನ ಬಳಸುತ್ತಾರೆ. ಇದರಲ್ಲಿ ಮೂರು ಮರೆಗಳು ಅಕ್ಕಪಕ್ಕ ಓಡುವುದರಿಂದ ಒಂದು ಸುತ್ತಿಗೆ ಮುಚ್ಚಳ 2.4 ಮಿ.ಮೀ. ಇಳಿಯುತ್ತದೆ. ಮಾಮೂಲಿ ಮರೆಯಾದರೆ ಅಷ್ಟಕ್ಕೆ ಮೂರು ಸುತ್ತು. ಪೆನ್ ತೆಗೆದಾಗಲೆಲ್ಲ ತಿರುಗಿಸುತ್ತಾ ಕೂರೋಕೆ ಯಾರಿಗೆ ತಾಳ್ಮೆ ಇದೆ? ಈ ಟ್ಯಾಪ್, ಡೈ ಅಗ್ಗವಲ್ಲ. ಆದರೂ ದುಡ್ಡು ಉಳಿಸಲೇಬೇಕು ಅಂದ್ರೆ ಲೇತ್‌ನಲ್ಲಿ ಉಳಿಸಿ, ಇದರಲ್ಲಿ ಬೇಡ. ಮರಗೆಲಸದ ಸಣ್ಣ ಲೇತ್‌ನಲ್ಲೂ ಒಳ್ಳೆ ಪೆನ್ ಆಗುತ್ತದೆ. ರಾಡ್ ಹಿಡಿಯೋಕೆ ಮೂರು ಹಲ್ಲಿನ ಚಕ್ ಬದಲು, ಸುತ್ತಲೂ ಸಮವಾಗಿ ಬಿಗಿಹಿಡಿಯುವ ಕಾಲೆಟ್ ಚಕ್ ಇದ್ದರೆ ರಾಡ್ ನೆಟ್ಟಗೆ ತಿರುಗುತ್ತದೆ, ಗುರುತೂ ಬೀಳುವುದಿಲ್ಲ.

ಇನ್ನು ರಾಡ್. ನನ್ನ ಓಟು ಎಬೊನೈಟ್‌ಗೆ. ರಬ್ಬರಿಗೆ ಗಂಧಕ ಜಾಸ್ತಿ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ ವಸ್ತು ಇದು. ಉಳಿ ಹರಿತವಾಗಿದ್ದರೆ ಸಿಪ್ಪೆ ಉದ್ದುದ್ದ ರಿಬ್ಬನ್ನಿನ ಹಾಗೆ ಸುರುಳಿಯಾಗಿ ಬರುತ್ತದೆ, ಮರೆಯೂ ಒಡೆಯದೆ ಕೂರುತ್ತದೆ. ಕೆಲಸದ ಉದ್ದಕ್ಕೂ ಗಂಧಕದ ವಾಸನೆ ಮಾತ್ರ ಸಹಿಸಿಕೊಳ್ಳಬೇಕು. ಬಿಸಿಲಲ್ಲಿ ಇಟ್ಟರೆ ಕಪ್ಪು ಬಣ್ಣ ಕಂದಿಗೆ ತಿರುಗುತ್ತದೆ.

ಅಕ್ರಿಲಿಕ್‌ನಲ್ಲಿ ಬಣ್ಣ ಚೆಂದ, ಆದರೆ ಉಳಿ ಮೊಂಡಾದರೆ ಅಂಚು ಚಕ್ಕೆ ಏಳುತ್ತದೆ. ಕೊರೆಯುವಾಗ ಬಿಸಿಯಾದರೆ ಕರಗಿ ಡ್ರಿಲ್ ಬಿಟ್ಟನ್ನೇ ಹಿಡಿದುಕೊಳ್ಳುತ್ತದೆ. ಒಂದೇ ಸಲ ನುಗ್ಗಿಸಬೇಡಿ. ಸ್ವಲ್ಪ ಕೊರೆದು, ಬಿಟ್ ಹೊರಗೆಳೆದು, ಪುಡಿ ಕೆಡವಿ, ಮತ್ತೆ ಕೊರೆಯಿರಿ. ಮರ ಇಂಕ್ ಕುಡಿಯುತ್ತದೆ, ಒಳಗೆ ಲೈನಿಂಗ್ ಬೇಕೇ ಬೇಕು. ಹಾಲಿನ ಪ್ರೋಟೀನಿನಿಂದ ಮಾಡುವ ಕೇಸೀನ್ ಪ್ಲಾಸ್ಟಿಕ್, ನೀರು ತಾಗಿದರೆ ಉಬ್ಬುತ್ತದೆ. ಹಳೆಯ ಕಾಲದ ಪ್ಲಾಸ್ಟಿಕ್ ಸೆಲ್ಯುಲಾಯ್ಡ್ ಸದ್ಯಕ್ಕೆ ಮುಟ್ಟಬೇಡಿ. ಅದರ ಸಿಪ್ಪೆಗೆ ಬೆಂಕಿ ಹತ್ತಿದರೆ ಭಗ್ಗನೆ ಉರಿಯುತ್ತದೆ.

ಪಾಲಿಶ್‌ಗೆ ಮೈಕ್ರೋಮೆಶ್ ಪ್ಯಾಡ್ (ತುಂಬ ನಯವಾದ ಉಜ್ಜುವ ಪ್ಯಾಡ್, ನಂಬರ್ ಹೆಚ್ಚಿದಷ್ಟೂ ನಯ) ಸಾಕು. 1500ರಿಂದ 12000ದವರೆಗೆ ನೀರು ಹಾಕಿ ಉಜ್ಜಿ, ನಡುವೆ ಒಂದನ್ನೂ ಹಾರಿಸಬೇಡಿ. ಹಾರಿಸಿದರೆ ಹಿಂದಿನ ಗೀರು ಕೊನೆಯ ಹೊಳಪಿನಲ್ಲೇ ಎದ್ದು ಕಾಣುತ್ತದೆ, ಆಗ ಮತ್ತೆ 1500ರಿಂದ ಶುರು.